ಅಣ್ಣನಿಗೆ ಆರಿಸಿದ ಕನ್ನಡಕ

ಹೇಳಬೇಕಾಗಿದ್ದ ಎರಡು ಮಾತನ್ನು ನಾನು ನನ್ನ ಅಣ್ಣನಿಗೆ ಹೇಳಲಿಲ್ಲ. ಮರೆತದ್ದಲ್ಲ, ಗೊತ್ತಿದ್ದೂ ಹೇಳಲಿಲ್ಲ. ಹೆಚ್ಚುಕಮ್ಮಿ ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ನಾನು ಎಷ್ಟೇ ಸುತ್ತಿಬಳಸಿ ಮಾತಾಡಿದರೂ ನೀವು ನನ್ನನ್ನು ತೀರಾ ಒಳ್ಳೆಯವಳು ಅಂದುಕೊಳ್ಳುವ ಭಯವಿರುವುದಿಲ್ಲ.

ಮೊನ್ನೆ ತಿಪಟೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೂತಿದ್ದೆ. ಮನೆಯಲ್ಲಿ ಅನ್ನದೊಳಗೆ ಎರಡು ದಿನ ಕಲ್ಲು ಸಿಕ್ಕಿ, ನನ್ನ ಯಜಮಾನರು ತಟ್ಟೆ ಮುಂದೆ ಕೂತು ದವಡೆ ಹಿಡಿದುಕೊಂಡ ಮೇಲೆ, ನನಗೂ ಕನ್ನಡಕ ಬೇಕು ಅಂತ ತೀರ್ಮಾನವಾಗಿತ್ತು. ಅಂಗಡಿಯ ಹುಡುಗಿ ನನ್ನ ಮೂಗಿನ ಮೇಲೆ ಖಾಲಿ ಫ್ರೇಮು ಕೂರಿಸಿ, ಕನ್ನಡಿ ಹಿಡಿದು, "ಬಿಸಿಲಿಗೆ ಕಪ್ಪಾಗೋ ಗ್ಲಾಸ್ ಹಾಕಣ್ವಾ ಆಂಟಿ? ಏನ್ ಕೆಲ್ಸ ಮಾಡ್ತೀರಾ ನೀವು?" ಅಂದಳು.

ಸಾಮಾನ್ಯವಾದ ಪ್ರಶ್ನೆ. ಹೋದ ಬೇಸಿಗೆಯಲ್ಲಿ ಅದೇ ಹುಡುಗಿ ನನ್ನ ಅಣ್ಣನ ವಿಷಯವಾಗಿ ಅದನ್ನೇ ಕೇಳಿದ್ದಳು. ಅವಳಿಗೆ ನೆನಪಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ನಮ್ಮ ಅಣ್ಣನ ಕೆಲಸ ಕೊಬ್ಬರಿ ನೋಡುವುದು. ನಮ್ಮ ಕಡೆಯವರಲ್ಲದಿದ್ದರೆ ಇದೆಂಥ ಕೆಲಸ ಅಂತ ನಿಮಗೆ ನಗು ಬಂದೀತು. ನಾವು ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅಂದಾಗ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವೆ. ಕೊಳ್ಳುವವರ ಪರವಾಗಿ ಅಣ್ಣ ಮೊಪೆಡ್ಡಿನಲ್ಲಿ ಊರೂರಿಗೆ ಹೋಗಿ ಅದನ್ನು ನೋಡುತ್ತಿದ್ದ. ಚೀಲಕ್ಕೆ ಕೈ ಹಾಕಿ ಅಡಿಯಿಂದ ನಾಲ್ಕು ಉಂಡೆ ಎತ್ತಿ, ಸಣ್ಣ ಚಾಕುವಿನಲ್ಲಿ ಸೀಳಿ, ಒಳಗಿನ ಬಣ್ಣ ನೋಡುವನು. ಆಮೇಲೆ ಒಂದೇ ಮಾತು: ಬಿಳಿ, ಇಲ್ಲವೇ ಕೆಂಪು. ಬಿಳಿ ಅಂದರೆ ಒಳ್ಳೆಯ ರೇಟು, ಕೆಂಪು ಅಂದರೆ ಕಮ್ಮಿ. ಕೊಡುವವರಾಗಲಿ ಕೊಳ್ಳುವವರಾಗಲಿ ಆ ಮಾತಿಗೆ ಎದುರಾಡುವ ಪದ್ಧತಿ ಇರಲಿಲ್ಲ. "ಅವ್ನು ಬಿಳಿ ಅಂದ್ರೆ ಬಿಳಿ ಕಣಪ್ಪ, ಕಾಗೆ ತೋರ್ಸಿ ಅಂದಿದ್ರೂ ಸೈ" ಅನ್ನುತ್ತಿದ್ದರು ಅರಳಗುಪ್ಪೆ ಕಡೆಯವರು. ಅಣ್ಣ ಜಾಸ್ತಿ ಓದಿದವನಲ್ಲ. ನಾನೂ ಅಷ್ಟೇ, ಐದನೇ ಕ್ಲಾಸಿಗೆ ಸ್ಲೇಟು ಅಟ್ಟಕ್ಕೆ ಹಾಕಿದವಳು. ಆದರೆ ಅವನ ಕಣ್ಣಿಗೆ ಒಂದು ಬೆಲೆಯಿತ್ತು, ಅದು ಅವನಿಗೂ ಗೊತ್ತಿತ್ತು.

ನನ್ನನ್ನು ಕೊಟ್ಟದ್ದು ತುರುವೇಕೆರೆ ಕಡೆಯ ತೋಟದವರ ಮನೆಗೆ. ಮದುವೆಯಾದ ಹೊಸತರಲ್ಲಿ ನನ್ನ ಓರಗಿತ್ತಿ, "ನಿಮ್ಮಣ್ಣ ಏನು, ಊರೂರು ತಿರುಗಿ ಕಂಡೋರ ಕೊಬ್ಬರಿ ಮೂಸ್ತಾನಂತೆ?" ಅಂದಿದ್ದಳು. ತಮಾಷೆಗೆ ಅಂದದ್ದು. ನಾನೂ ನಕ್ಕಿದ್ದೆ. ನಕ್ಕರೂ ಆ ಮಾತು ಎಲ್ಲೋ ಕೂತುಬಿಟ್ಟಿತು. ಮೂವತ್ತು ವರ್ಷದಲ್ಲಿ ಅವಳು ಅದನ್ನು ಮರೆತು ಮೊಮ್ಮಕ್ಕಳನ್ನು ಕಂಡಳು. ನಾನು ಮಾತ್ರ ಯಾರಾದರೂ ಅಣ್ಣನ ಕೆಲಸ ಕೇಳಿದರೆ "ತೋಟ ಐತೆ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಸುಳ್ಳೇನಲ್ಲ. ಬಿಳಿಗೆರೆಯಲ್ಲಿ ಅವನ ಮನೆಯ ಹಿಂದೆ ಮೂವತ್ತು ಮರ ಇವೆ.

ಹೋದ ಬೇಸಿಗೆಯಲ್ಲಿ ಅಣ್ಣನಿಗೆ ಹತ್ತಿರದ್ದು ಮಸುಕಾಗತೊಡಗಿತು. ಬಿಸಿಲಲ್ಲಿ ಮೊಪೆಡ್ ಓಡಿಸಿದರೆ ಕಣ್ಣಲ್ಲಿ ನೀರು. ಅತ್ತಿಗೆಗೆ ಅವತ್ತು ಬರಲಾಗದೆ ನಾನು ಜೊತೆಗೆ ಹೋದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ ನೋಡಿ, ಬೇರೇನೂ ತೊಂದರೆ ಇಲ್ಲ, ಕನ್ನಡಕ ಸಾಕು ಅಂತ ಚೀಟಿ ಬರೆದರು. ಹನಿ ಹಾಕಿಸಿಕೊಂಡ ಅಣ್ಣ ಕನ್ನಡಕದಂಗಡಿಯ ಬೆಂಚಿನ ಮೇಲೆ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಕೂತ.

"ನೀನೇ ಆರ್ಸಮ್ಮಿ. ನಂಗೀಗ ಎಲ್ಲಾ ಮಂಜು ಮಂಜು. ನೀನು ನೋಡಿದ್ರೆ ನಾನು ನೋಡ್ದಂಗೇ" ಅಂದ.

ಹುಡುಗಿ ಎರಡು ಗಾಜು ತೆಗೆದುಕೊಂಡು ನನ್ನನ್ನು ಬಾಗಿಲಿನ ಹತ್ತಿರ ಕರೆದಳು. ಒಳಗೆ ಎರಡೂ ನೀರಿನ ಹಾಗಿದ್ದವು. ಬಿಸಿಲಿಗೆ ಹಿಡಿದದ್ದೇ ತಡ, ಒಂದು ಬೂದು ಬಣ್ಣಕ್ಕೆ ತಿರುಗಿತು, ಇನ್ನೊಂದು ತಿಳಿ ಡಿಕಾಕ್ಷನ್ನಿನ ಹಾಗೆ ಕಂದಾಯಿತು. ನನಗೆ ಅದೊಂದು ಮಾಯದ ಹಾಗೆ ಕಂಡಿತು. ಬೂದು ಗಾಜು ನೋಡಿದರೆ ಪೊರೆ ತೆಗೆಸಿಕೊಂಡ ಮುದುಕರ ನೆನಪು ಬರುತ್ತಿತ್ತು. ಕಂದು ಗಾಜಿಗೆ ಒಂದು ಠೀವಿ ಇತ್ತು.

"ಅವ್ರು ಏನ್ ಕೆಲ್ಸ ಮಾಡ್ತಾರೆ?" ಅಂದಳು ಹುಡುಗಿ.

"ತೋಟ ಐತೆ" ಅಂದೆ.

"ಹಂಗಾದ್ರೆ ಕಂದು ನಡೀತದೆ. ಬಣ್ಣ ನೋಡೋ ಕೆಲ್ಸ ಇದ್ರೆ ಮಾತ್ರ ಬೇಡ ಆಂಟಿ, ಎಲ್ಲಾ ಒಂಥರಾ ಕೆಂಪ್ಗೆ ಕಾಣ್ತದೆ. ಬಟ್ಟೆ ಅಂಗಡಿಯೋರ್ಗೆಲ್ಲ ನಾವು ಬಿಳಿ ಗ್ಲಾಸೇ ಕೊಡೋದು. ಮತ್ತೆ, ಬಿಸ್ಲಿಂದ ಒಳಗೆ ಬಂದ ಕೂಡ್ಲೆ ಬೆಳ್ಳಗಾಗಲ್ಲ, ಐದ್ ನಿಮಿಷ ಮಬ್ಬು ಇರ್ತದೆ. ಅವ್ರಿಗೆ ಹೇಳ್ಬಿಡಿ."

ಆಗಲೇ ಬಾಯಿ ಬಿಡಬಹುದಿತ್ತು. ಅಯ್ಯೋ ತಾಯಿ, ಇವನ ಕೆಲಸವೇ ಬಣ್ಣ ನೋಡುವುದು ಅನ್ನಬಹುದಿತ್ತು. ಆದರೆ ತೋಟ ಅಂತ ಆಗಲೇ ಹೇಳಿಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ಚಿನ್ನದ ಬಳೆ ತೊಟ್ಟ ಹೆಂಗಸೊಬ್ಬರು ಕೂತಿದ್ದರು. ಅವರು ಯಾರೋ ನನಗೆ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವರೆದುರು ಮಾತು ತಿದ್ದಿಕೊಳ್ಳಲು ನಾಲಿಗೆ ಏಳಲಿಲ್ಲ. "ಕಂದೇ ಇರ್ಲಿ" ಅಂದೆ.

"ಹೆಂಗೈತಮ್ಮಿ?" ಅಂತ ಟವೆಲ್ಲಿನೊಳಗಿಂದ ಕೇಳಿದ ಅಣ್ಣ.

"ಬಿಸ್ಲಿಗೆ ಹೋದ್ರೆ ಕಪ್ಪು, ಒಳಗೆ ಬಂದ ತಕ್ಷಣ ಬಿಳಿ. ನೀನೇನೂ ಮಾಡಂಗಿಲ್ಲ, ಅದೇ ನೋಡ್ಕತದೆ."

"ಬುಡು, ನಮ್ಮನೆಗೂ ಒಂದು ಬುದ್ಧಿ ಇರೋದು ಬಂದಂಗಾಯ್ತು."

ಮುಂದಿನ ತಿಂಗಳು ನಮ್ಮ ಮನೆಯ ಊಟಕ್ಕೆ ಅಣ್ಣ ಅದನ್ನು ಹಾಕಿಕೊಂಡೇ ಬಂದ. ತೆಂಗಿನ ತೋಟದ ಬಿಸಿಲು ನಿಮಗೆ ಗೊತ್ತಲ್ಲ, ನೆಲವೆಲ್ಲ ಚುಕ್ಕೆ ಚುಕ್ಕೆ, ನೆರಳೋ ಬೆಳಕೋ ಹೇಳುವ ಹಾಗಿಲ್ಲ. ಆ ಗಾಜಿಗೂ ತಿಳಿಯದೆ, ಒಂದು ನಡುವಿನ ಬಣ್ಣದಲ್ಲಿ ನಿಂತಿತ್ತು. "ಏನಣ್ಣಾ, ಸಿನಿಮಾದೋರಂಗೆ ಬಂದ್ಬುಟ್ಟೆ!" ಅಂದಳು ಓರಗಿತ್ತಿ. ನನಗೆ ಆದ ಸಂತೋಷ ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂವತ್ತು ವರ್ಷದ ಹಳೆಯ ಮಾತಿಗೆ ಉತ್ತರ ಕೊಟ್ಟೆ ಅಂದುಕೊಂಡು ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಅಷ್ಟು ಹೊತ್ತಿಗೆ ಅಣ್ಣ ಒಳ್ಳೆಯ ಕೊಬ್ಬರಿಯನ್ನು ಕೆಂಪು ಅನ್ನಲು ಶುರುಮಾಡಿದ್ದ. ಅಂಗಳದ ಬಿಸಿಲಲ್ಲಿ ನೋಡಿದರೆ ಗಾಜು ಕಂದು. ಅನುಮಾನ ಬಂದು ಪಡಸಾಲೆಗೆ ಒಯ್ದು ನೋಡಿದರೆ ಇನ್ನೂ ಬಿಟ್ಟಿರದ ಮಬ್ಬು. ಕನ್ನಡಕ ತೆಗೆದರೆ ಬರೀ ಮಸುಕು. ಹಾಕಿಕೊಂಡವನಿಗೆ ತನ್ನ ಗಾಜಿನ ಬಣ್ಣ ಕಾಣುವುದಿಲ್ಲ. ಒಳಗೆ ಬಂದ ತಕ್ಷಣ ಬಿಳಿಯಾಗುತ್ತದೆ ಅಂತ ತಂಗಿ ಬೇರೆ ಹೇಳಿದ್ದಾಳೆ. ಎದುರಾಡುವ ಪದ್ಧತಿ ಇಲ್ಲದ್ದರಿಂದ ಮೂರು ನಾಲ್ಕು ಮನೆಯವರು ಮುಖ ಮುಖ ನೋಡಿಕೊಂಡು ಸುಮ್ಮನಾದರು. ಅರಳಗುಪ್ಪೆಯ ಒಬ್ಬ ಮುದುಕಿ ಸುಮ್ಮನಾಗಲಿಲ್ಲ.

"ಅಪ್ಪಾ, ಇದ್ನ ಕೆಂಪು ಅಂದ್ರೆ, ನಾನುಟ್ಟಿರೋ ಸೀರೆ ಯಾವ ಬಣ್ಣ ಹೇಳು?"

"ಹಸುರು" ಅಂದನಂತೆ ಅಣ್ಣ.

ಅದು ನೀಲಿ ಸೀರೆ. ಅಂಗಳದಲ್ಲಿದ್ದವರೆಲ್ಲ ನಕ್ಕರಂತೆ. ಅಣ್ಣನೂ ನಕ್ಕು, ಚಾಕು ಒರೆಸಿ ಜೇಬಿಗಿಟ್ಟುಕೊಂಡು ಮನೆಗೆ ಬಂದವನು, ಮತ್ತೆ ಕೊಬ್ಬರಿ ನೋಡಲು ಹೋಗಲಿಲ್ಲ. ಕರೆಯಲು ಬಂದವರಿಗೆ "ಕಣ್ಣು ಕೈಕೊಡ್ತು ಕಣ್ರಪ್ಪಾ" ಅಂದ.

ನಮ್ಮ ಅಪ್ಪನಿಗೆ ಕೊನೆಯ ಆರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಅವರಿಗೂ ಡಾಕ್ಟರು ಮೊದಲು ಏನೂ ಇಲ್ಲ ಅಂದಿದ್ದರು. ಹಾಗಾಗಿ ಇನ್ನೊಂದು ಸಲ ತೋರಿಸೋಣ ಅಂದರೆ ಅಣ್ಣ ಕೇಳುವುದಿಲ್ಲ. ಮನೆಯೊಳಗೆ ಸಂಜೆ ಎಲ್ಲ ಸರಿಯಾಗಿ ಕಂಡರೆ "ಇವತ್ತು ಪರವಾಗಿಲ್ಲ" ಅನ್ನುವನು, ಅಷ್ಟೇ.

ಒಂದು ದಿನ ಅತ್ತಿಗೆ ಫೋನ್ ಮಾಡಿದರು. "ನಿಮ್ಮಣ್ಣ ಬೆಳಿಗ್ಗೆ ಎದ್ದು ಕಣ್ಮುಚ್ಕಂಡು ಓಡಾಡ್ತಾರೆ ಕಣಮ್ಮಿ. ಬಾಗ್ಲಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ನೀರಿನ ತೊಟ್ಟಿಗೆ ಒಂಬತ್ತು ಅಂತ ಎಣಿಸ್ತಾರೆ. ಯಾಕೆ ಅಂದ್ರೆ, ಈಗ್ಲೇ ಕಲ್ತ್ಕಂಡ್ರೆ ಆಮೇಲೆ ನಿಂಗೆ ತೊಂದ್ರೆ ಇಲ್ಲ ಅಂತಾರೆ."

ಫೋನಿಟ್ಟು ಒಲೆಯ ಮುಂದೆ ನಿಂತೆ. ಕಣ್ಣಲ್ಲ, ಕನ್ನಡಕ ಅಂತ ನನಗೆ ಆಗಲೇ ಗೊತ್ತಿತ್ತು. ಮಾರನೆಯ ದಿನವೇ ಹೋದೆ ಕೂಡ. ಅಣ್ಣ ಜಗಲಿಯಲ್ಲಿ ಕೂತಿದ್ದವನು, "ನಂಗೆ ಹಿಂಗ್ಯಾಕಾಯ್ತಮ್ಮಿ?" ಅಂತ ಕೇಳಿದ. ನಾನು ಏನಂದೆ ಗೊತ್ತೆ? "ವಯಸ್ಸಾಯ್ತು ಬುಡಣ್ಣ" ಅಂದೆ. ಅಂಗಡಿಯಲ್ಲಿ ಹೇಳದೆ ಹೋದದ್ದು ಒಣ ಜಂಬ. ಇದು ಅದಲ್ಲ. ಇದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ಮೊನ್ನೆ ಆ ಹುಡುಗಿ ಕೆಲಸ ಕೇಳಿದಾಗ, "ಅಕ್ಕಿ ಆರಿಸ್ತೀನಿ, ಮನೇಲಿರ್ತೀನಿ. ನಂಗೆ ಬಿಳಿ ಗ್ಲಾಸೇ ಸಾಕು" ಅಂದೆ. ಆಮೇಲೆ ಅಣ್ಣನ ಹೆಸರು ಹೇಳಿ, ಅಂಗಡಿಯ ಪುಸ್ತಕದಲ್ಲಿ ಅವನ ಕಣ್ಣಿನ ನಂಬರು ಹುಡುಕಿಸಿ, ಅವನಿಗೂ ಒಂದು ಬಿಳಿ ಗಾಜಿನದು ಮಾಡಲು ಹೇಳಿದೆ. ನಿನ್ನೆ ಎರಡನ್ನೂ ತೆಗೆದುಕೊಂಡು ಬಿಳಿಗೆರೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಲೆಕ್ಕಾಚಾರ ಹೀಗಿತ್ತು: ಹೊಸ ಕನ್ನಡಕ ಕೊಡುವುದು, ಇದು ಇನ್ನೂ ಒಳ್ಳೇದು ಅನ್ನುವುದು, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಡುವುದು. ಅವನಿಗೆ ಕಣ್ಣು ಬರುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ.

ಅಣ್ಣ ಅಂಗಳದಲ್ಲಿ ಪೊರಕೆಗೆ ಸೋಗೆ ಕಡ್ಡಿ ಹೆರೆಯುತ್ತಿದ್ದ. ಕೈಬೆರಳಿನ ಅಂದಾಜಿನಲ್ಲೇ ಹೆರೆಯುತ್ತಿದ್ದ. ಹೊಸ ಕನ್ನಡಕ ಹಾಕಿಸಿ, ಒಳಗಿನಿಂದ ಒಂದು ಉಂಡೆ ಕೊಬ್ಬರಿ ತಂದು ಸೀಳಿ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದ.

"ಬಿಳಿ" ಅಂದ. ಸಂತೋಷಪಡಲಿಲ್ಲ. ಹೋಳನ್ನು ನನ್ನ ಕೈಗೇ ವಾಪಸ್ಸು ಕೊಟ್ಟ. "ಅಪ್ಪಂಗೂ ಹಿಂಗೇ ಕಣಮ್ಮಿ. ನಡುನಡುವೆ ಒಂದೊಂದು ದಿನ ತಿಳಿಯಾಗಿ ಕಾಣ್ತಿತ್ತು. ಆಸೆ ಇಟ್ಕಬಾರ್ದು." ಅಷ್ಟು ಹೇಳಿ ಕಣ್ಣು ಮುಚ್ಚಿ, ಪಕ್ಕದಲ್ಲಿದ್ದ ಕುಡುಗೋಲಿಗಾಗಿ ಕೈಯಲ್ಲಿ ನೆಲ ತಡವಿದ.

ಬಸ್ಸಿನಲ್ಲಿ ಮಾಡಿಕೊಂಡ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಎಷ್ಟು ಒಳ್ಳೆಯ ಗಾಜು ತಂದುಕೊಟ್ಟರೂ ಇವನು ಇನ್ನು ತನ್ನ ಕಣ್ಣನ್ನು ನಂಬುವುದಿಲ್ಲ. ಕುಡುಗೋಲನ್ನು ನಾನು ಆಚೆಗೆ ಸರಿಸಿ ಅವನೆದುರು ಕುಕ್ಕರುಗಾಲಿನಲ್ಲಿ ಕೂತೆ. ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಅವರಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದೆ.

"ಅಣ್ಣಾ, ಕಣ್ಣು ಬಿಡು. ನಿನ್ ಕಣ್ಣಿಗೆ ಏನೂ ಆಗಿಲ್ಲ, ಯಾವತ್ತೂ ಆಗಿರ್ಲಿಲ್ಲ. ಬಣ್ಣ ನೋಡೋರು ಆ ಕನ್ನಡಕ ಹಾಕ್ಬಾರ್ದು, ಎಲ್ಲಾ ಕೆಂಪ್ಗೆ ಕಾಣ್ತದೆ, ಒಳಗೆ ಬಂದ್ರೂ ಐದ್ ನಿಮಿಷ ಮಬ್ಬು ಇರ್ತದೆ ಅಂತ ಅಂಗಡಿ ಹುಡ್ಗಿ ಅವತ್ತೇ ನಂಗೆ ಹೇಳಿದ್ಲು. ನಿನ್ ಕೆಲ್ಸ ಏನು ಅಂತ ಹೇಳ್ಕಳಕ್ಕೆ ನಾಚ್ಕಂಡು, ತೋಟ ಅಂದ್ಬುಟ್ಟೆ. ಆಮೇಲೆ ನೀನು ಹೆಜ್ಜೆ ಎಣಿಸೋದು ಗೊತ್ತಾದ್ಮೇಲೂ ಬಾಯಿ ಬುಡ್ಲಿಲ್ಲ. ನಂದು ತಪ್ಪಾಯ್ತು ಕಣಣ್ಣಾ."