ಭಾವನ ಗಾಡಿಗಳಿಗೆ ಅತ್ತವಳು

ಮೊನ್ನೆ ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದವನು ಡಬ್ಬಿಗೆ ಥಿನ್ನರ್ ಸುರಿದ. ಗಾಳಿ ನಮ್ಮ ಕಡೆಗಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನ ಕಣ್ಣಿಂದ ದಳದಳ ನೀರಿಳಿಯಿತು. ಮೊಮ್ಮಗಳು ಓಡಿಬಂದು, “ಯಾಕಜ್ಜಿ ಅಳ್ತಿದೀಯ?” ಅಂದಳು. ಅಳುತ್ತಿಲ್ಲ ಕಣೇ, ವಾಸನೆ ಅಂದೆ. ಅವಳು ನಂಬಲಿಲ್ಲ.

ಆ ವಾಸನೆ ನಮ್ಮ ಭಾವನದು, ನಮ್ಮೆಜಮಾನರ ಅಣ್ಣನದು. ಬದುಕಿದ್ದಾಗ ‘ಅವರು’ ಅಂದಿದ್ದೇನೆ, ಸತ್ತ ಮೇಲೆ ‘ಅವನು’ ಅನ್ನುತ್ತೇನೆ. ತಪ್ಪು ತಿಳಿಯುವವರು ತಿಳಿದುಕೊಳ್ಳಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಯವಾಗಿ ಬರೆಯಲು ಬರುವುದಿಲ್ಲ.

ನಾನು ಮದುವೆಯಾಗಿ ಗುಬ್ಬಿಗೆ ಬಂದದ್ದು ಎಪ್ಪತ್ತೈದನೇ ಇಸವಿ ಕಳೆದ ಮೇಲೆ. ಆಗ ಹೊಸ ಮೋಟಾರ್ ಸೈಕಲ್ ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಕಾಯಲಾರದವರು ಭಾವನ ಹತ್ತಿರ ಬರುತ್ತಿದ್ದರು. ಕೊಬ್ಬರಿ ಮಾರಿದ ರೈತರು, ಮೇಷ್ಟ್ರುಗಳು, ದನದ ಡಾಕ್ಟರು ಹೀಗೆ. ಅವನು ತುಮಕೂರಿನ ಹೈವೇಯಲ್ಲಿ ಬಿದ್ದು ಜಜ್ಜಿಹೋದ ಗಾಡಿಗಳನ್ನು ಹುಡುಕಿ ತರುತ್ತಿದ್ದ. ಹಿರೇಹಳ್ಳಿ ಕಡೆಯ ಯಾವುದೋ ಶೆಡ್ಡಿನಲ್ಲಿ ಮುರಿದದ್ದಕ್ಕೆ ಬೆಸುಗೆ ಹಾಕಿಸುತ್ತಿದ್ದ. ಆಮೇಲೆ ನಮ್ಮ ಹಿತ್ತಿಲಲ್ಲಿ ನಮ್ಮೆಜಮಾನರು ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದರು. ತಿನ್ನುವ ಮುದ್ದೆಗೂ ಥಿನ್ನರ್ ವಾಸನೆ...

ಸಂತೆಯ ದಿನ ಬೆಳಿಗ್ಗೆ ಗಾಡಿ ಹಿತ್ತಿಲಿಂದ ಬಾಗಿಲ ಮುಂದಕ್ಕೆ ಬರುತ್ತಿತ್ತು. ಲೈಟಿನ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಹ್ಯಾಂಡಲಿಗೆ ಸೇವಂತಿಗೆ. “ಮನೆ ಗಾಡಿ ಸ್ವಾಮಿ, ಬೇರೆಯವ್ರು ಕೈ ಇಟ್ಟಿಲ್ಲ,” ಅನ್ನುತ್ತಿದ್ದ ಭಾವ. ಕೊಳ್ಳಲು ಬಂದವರು ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಿದ್ದರು, ಚಕ್ರಕ್ಕೆ ಒಂದು ಸಲ ಒದೆಯುತ್ತಿದ್ದರು, ಮುಗಿಯಿತು. ಆಮೇಲೆ ಅವರ ಕಣ್ಣು ಹೊಸಿಲ ಮೇಲೆ, ರಂಗೋಲಿ ಮೇಲೆ, ಬಾಗಿಲಲ್ಲಿ ನಿಂತ ಹೆಂಗಸಿನ ಮೇಲೆ. ಹೆಣ್ಣು ನೋಡಲು ಬಂದವರ ಹಾಗೆ ಮನೆ ನೋಡಿ ಗಾಡಿ ಕೊಳ್ಳುತ್ತಿದ್ದರು.

ಮದುವೆಯಾದ ಮೂರನೇ ತಿಂಗಳು ನನಗೆ ದವಡೆ ಹಲ್ಲು ನೋವು ಬಂತು. ಕೆನ್ನೆಗೆ ಸೆರಗೊತ್ತಿ, ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದೆ. ಗಾಡಿ ಕೊಳ್ಳಲು ಬಂದಿದ್ದ ಅಡಿಕೆ ವ್ಯಾಪಾರಿಯೊಬ್ಬ ನೋಡಿ, “ಯಾಕ್ರೀ, ಆ ಹೆಣ್ಮಗ್ಳು ಅಳ್ತಾವ್ಳೆ?” ಅಂದ.

ಭಾವ ಒಮ್ಮೆ ತಿರುಗಿ ನೋಡಿದ. “ಏನ್ಮಾಡೋದು ಸ್ವಾಮಿ, ಗಾಡಿ ಹೋಗ್ತದಲ್ಲ ಅಂತ. ಇದರ ಮೇಲೆ ಕೂತೇ ಈ ಮನೆ ತುಂಬ್ದೋಳು. ಲಕ್ಷ್ಮಿ ಹೋದಂಗೆ ಆಗ್ತದಂತೆ.”

ನಾನು ಆ ಮನೆಗೆ ಬಂದದ್ದು ಹುಲಿಯೂರುದುರ್ಗದಿಂದ, ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿಕೊಂಡು. ವ್ಯಾಪಾರಿಗೆ ಅದೇನು ಗೊತ್ತು? ಚೌಕಾಸಿ ಮಾಡದೆ ಕೊಂಡುಹೋದ. ಭಾವನಿಗೆ ದಾರಿ ಸಿಕ್ಕಿತು. ನನ್ನ ಹಲ್ಲು ಕೀಳಿಸಿದ್ದು ಇನ್ನೂ ಮೂರು ಗಾಡಿ ಮಾರಿದ ಮೇಲೆ. ಅಲ್ಲಿಯವರೆಗೆ ಲವಂಗ ಕಚ್ಚಿಕೊಂಡು ಅತ್ತೆ.

ಹಲ್ಲು ಹೋದ ಮೇಲೆ ಅಳು ಬರಲಿಲ್ಲ. ಆಗ ಭಾವ, “ಸೆರಗಿನ ತುದಿಗೆ ಎರಡು ತೊಟ್ಟು ಥಿನ್ನರ್ ಹಾಕ್ಕೊ. ಕಣ್ಣಿನ್ ಹತ್ರ ಹಿಡಿದ್ರೆ ಸಾಕು,” ಅಂದ. ಭಾವನ ಎದುರಿಗೆ ತಲೆಯೆತ್ತಿ ನಿಲ್ಲಬಾರದು ಅನ್ನುವ ಮನೆ ಅದು. ಅದೇ ಭಾವ ನನ್ನನ್ನು ಊರ ಗಂಡಸರ ಮುಂದೆಲ್ಲ ನಿಲ್ಲಿಸಿ ಅಳಿಸಿದ. ಅವನ ಹೆಂಡತಿಗೂ ಹೇಳಿ ನೋಡಿದ್ದನಂತೆ. ಅವಳು ಅಳಲು ಹೋದರೆ ನಗು ಬರುತ್ತಿತ್ತು. “ನನ್ ಕೈಲಾಗಲ್ಲ ಕಣೇ, ನೀನೇ ಅಳವ್ವ,” ಅಂತ ಒಳಗೆ ನಿಂತು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ಹೀಗೆ ಏಳು ವರ್ಷ. ಅಷ್ಟೂ ಗಾಡಿಗಳಲ್ಲಿ ಒಂದರ ಮೇಲೂ ನಾನು ಕೂತಿಲ್ಲ.

ಆಮೇಲೆ ಆ ಮೆರೂನ್ ಬಣ್ಣದ್ದು ಬಂತು. ಮಾರುವ ಮುಂಚೆ ಗಾಡಿ ಒರೆಸುವುದು ನನ್ನ ಕೆಲಸ. ಟ್ಯಾಂಕಿನ ಮುಂದೆ, ಹ್ಯಾಂಡಲಿನ ಕೆಳಗೆ, ಚಾಸಿಯ ಕುತ್ತಿಗೆಯಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಉಗುರಿನಿಂದ ಸವರಿದೆ. ಬಣ್ಣದ ಕೆಳಗೆ ಸುತ್ತಲೂ ಬೆಸುಗೆಯ ಗಂಟು. ಎರಡು ತುಂಡಾದದ್ದನ್ನು ಕೂಡಿಸಿದ್ದರು. ಯಜಮಾನರನ್ನು ಕೇಳಿದೆ. “ದೊಡ್ಡ ಗುಂಡಿಗೆ ಇಳಿದ್ರೆ ಬಿಟ್ಕೊಳ್ತದೆ. ನಿಂಗ್ಯಾಕೆ ಅದೆಲ್ಲ?” ಅಂದರು. ಮುಂಚೆ ಮಾರಿದವುಗಳಲ್ಲೂ ಹುಳುಕಿತ್ತು, ನಾನು ಬಾಯಿ ಬಿಟ್ಟಿರಲಿಲ್ಲ. ಒಳ್ಳೆಯವಳು ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ಅದನ್ನು ಕೊಳ್ಳಲು ಒಬ್ಬ ಸ್ಕೂಲ್ ಮೇಷ್ಟ್ರು ಬಂದ. ಜೊತೆಗೆ ಅವನ ತಾಯಿ, ಹೆಂಡತಿ. ಹೆಂಡತಿಗೆ ಏಳು ತಿಂಗಳು. ಅವರ ಹಳ್ಳಿಗೆ ದಿನಕ್ಕೆ ಒಂದೇ ಬಸ್ಸಂತೆ, ಅದೂ ಬಂದರೆ ಬಂತು. ಹೆರಿಗೆ ಹೊತ್ತಿಗೆ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬೇಕು ಅಂದ. ಆ ಹುಡುಗಿ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. “ಮೆತ್ತಗೈತೆ,” ಅಂದು ನನ್ನ ಕಡೆ ನೋಡಿ ನಕ್ಕಳು.

ಮೇಷ್ಟ್ರ ತಾಯಿ ನೀರು ಕುಡಿಯಲು ಒಳಗೆ ಬಂದಾಗ ಹೇಳಿಯೇಬಿಟ್ಟೆ. “ಈ ಗಾಡಿ ತಗೋಬೇಡಿ ಕಣಮ್ಮ. ಬಿದ್ದು ಎರಡು ತುಂಡಾಗಿರೋದು. ಬಸುರಿ ಹುಡುಗೀನ ಕೂರಿಸಬೇಡಿ.”

ಆಯಮ್ಮ ಚೊಂಬು ಹಿಡಿದುಕೊಂಡೇ ಹೊರಗೆ ಹೋಗಿ ಜೋರಾಗಿ ಕೇಳಿದಳು, “ಏನಪ್ಪಾ ಯಜಮಾನ, ಗಾಡಿ ಬಿದ್ದು ಮುರಿದೈತಂತೆ?”

ಭಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಕ್ಕ. “ನೋಡಿ, ಶುರು ಮಾಡ್ಕೊಂಡ್ಲು! ಹೋದ್ಸಲ ಬಂದವ್ರಿಗೆ ಎಂಜಿನ್ ಒಡೆದೈತೆ ಅಂದಿದ್ಲು. ಗಾಡಿ ಬುಡಾಕೆ ಮನಸಿಲ್ಲ ಕಣಮ್ಮ ಅವಳಿಗೆ. ನೋಡಿ, ಕಣ್ಣಲ್ಲಿ ನೀರು.”

ನೀರಿತ್ತು. ಬೆಳಿಗ್ಗೆ ನನ್ನ ಸೆರಗಿಗೆ ಹಾಕಿಸಿದ್ದನಲ್ಲ.

ಆಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕರಗಿಹೋದಳು. “ಅಯ್ಯೋ ಪಾಪ. ನಮ್ಮತ್ತೆ ಎಮ್ಮೆ ಮಾರುವಾಗ ನಾನೂ ಹಿಂಗೇ ಒದೀತದೆ, ಹಾಯ್ತದೆ ಅಂತ ಸುಳ್ಳು ಹೇಳಿದ್ದೆ ಕಣವ್ವ. ಇಷ್ಟು ಆಸೆ ಇಟ್ಕೊಂಡಿರೋ ಗಾಡಿ ಅಂದ್ರೆ ಒಳ್ಳೇದೇ ಇರ್ತದೆ,” ಅಂದು ನನ್ನ ಗಲ್ಲ ಸವರಿದಳು. ಮೇಷ್ಟ್ರು ಚೌಕಾಸಿ ಕೂಡ ನಿಲ್ಲಿಸಿದ. ಏಳು ವರ್ಷ ಸುಳ್ಳು ಅತ್ತದ್ದಕ್ಕೆ ಆವತ್ತು ನನಗೆ ಸಿಕ್ಕ ಸಂಬಳ ಅದು.

ಮಾತು ಮುಗಿಯಿತು. ಇನ್ನು ಉಳಿದದ್ದು ಗಾಡಿಗೆ ಆರತಿ. ಅದೂ ನನ್ನದೇ ಕೆಲಸ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಮೇಷ್ಟ್ರು ಗಾಡಿ ಮೇಲೆ ಕೂತ. ಹುಡುಗಿ ಸೀರೆ ನೆರಿಗೆ ಎತ್ತಿಕೊಂಡು, ಹತ್ತಲು ಅವನ ಹೆಗಲಿಗೆ ಕೈ ಹಾಕಿದಳು. ನಾನು ತಟ್ಟೆ ಎತ್ತಿದೆ, ಒಂದು ಸುತ್ತು ಸುತ್ತಿದೆ. ಎರಡನೇ ಸುತ್ತಿಗೆ ಕೈ ಬಿಟ್ಟೆ. ಜಾರಲಿಲ್ಲ, ಬಿಟ್ಟೆ. ತಟ್ಟೆ ಕಲ್ಲಿನ ಮೇಲೆ ಠಣ್ ಅಂತ ಬಿತ್ತು. ದೀಪ ಆರಿತು. ಕುಂಕುಮದ ನೀರು ಆ ಹುಡುಗಿಯ ಕಾಲಿನವರೆಗೂ ಹರಿಯಿತು.

“ಇಳಿಯೋ ಕೆಳಗೆ,” ಅಂದಳು ಆಯಮ್ಮ.

“ಅವ್ವಾ, ಕೈ ಜಾರ್ತು ಅಷ್ಟೆ. ಇದಕ್ಕೆಲ್ಲ...”

“ನಿನ್ ಪಾಠ ಇಸ್ಕೂಲಲ್ಲಿ ಹೇಳ್ಕೊ. ಇಳಿ ಅಂದ್ರೆ ಇಳಿ. ನಮ್ಗೆ ಈ ಗಾಡಿ ಬ್ಯಾಡ.”

ಭಾವ ಏನೇನೋ ಹೇಳಿದ. ಮುಹೂರ್ತ ಬೇರೆ ನೋಡೋಣ ಅಂದ, ಮಠದಿಂದ ತೀರ್ಥ ತರಿಸುತ್ತೇನೆ ಅಂದ. ಆಯಮ್ಮ ಸೊಸೆಯ ಕೈ ಹಿಡಿದು ಬಸ್ ಸ್ಟ್ಯಾಂಡ್ ಕಡೆ ನಡೆದೇಬಿಟ್ಟಳು. ನಾನು ಹೇಳಿದ ನಿಜವನ್ನು ನಂಬದವಳು, ಬಿದ್ದ ತಟ್ಟೆಯನ್ನು ನಂಬಿದಳು. ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡುವುದು ಬೇಕಾಗಿಯೂ ಇರಲಿಲ್ಲ.

ಭಾವನಿಗೆ ಗೊತ್ತಾಗಿತ್ತು. ಅವನು ನನ್ನನ್ನು ಮುಟ್ಟಲಿಲ್ಲ, ತಮ್ಮನ ಕೈಲಿ ಹೊಡೆಸಿದ. ಆಮೇಲೆ ಇಡೀ ಬಳಗಕ್ಕೆ ಸಾರಿದ, ಇವಳ ಕೈ ಒಳ್ಳೆಯದಲ್ಲ, ಇವಳಿಂದ ಆರತಿ ಎತ್ತಿಸಬೇಡಿ ಅಂತ. ಆವತ್ತಿನಿಂದ ಯಾವ ಮದುವೆಯಲ್ಲೂ ನನ್ನ ಕೈಗೆ ಆರತಿ ತಟ್ಟೆ ಕೊಡಲಿಲ್ಲ. ನನ್ನ ಮಗಳ ಮದುವೆಯಲ್ಲಿ ತಟ್ಟೆ ಎತ್ತಿಕೊಂಡಿದ್ದೆ. ಹಿರಿಯ ಅಂತ ಮುಂದೆ ಕೂತಿದ್ದ ಭಾವ ಕಣ್ಣಲ್ಲೇ ಸನ್ನೆ ಮಾಡಿದ. ಯಾರೋ ಬಂದು ಇಸಿದುಕೊಂಡರು. ಕೊಟ್ಟೆ.

ಆ ಗಾಡಿ ಮಾತ್ರ ಹಿತ್ತಿಲಲ್ಲಿ ನಿಲ್ಲಲಿಲ್ಲ. ಹದಿನೈದು ದಿನಕ್ಕೆ ಭಾವ ಅದನ್ನು ತುಮಕೂರಿಗೆ ಒಯ್ದು ಕುಣಿಗಲ್ ಕಡೆಯವನೊಬ್ಬನಿಗೆ ದಾಟಿಸಿದ. ಬಂದವನು ಕೈಕಾಲು ತೊಳೆಯುತ್ತಾ, ನನಗೆ ಕೇಳಿಸಲಿ ಅಂತಲೇ ಹೇಳಿದ, “ಹೊಸದಾಗಿ ಮದುವೆ ಆಗವ್ನಂತೆ.”

ತವರಿಗೆ ಹೋಗುವಾಗೆಲ್ಲ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೆರೂನ್ ಬಣ್ಣದ ಗಾಡಿಯನ್ನು, ಅದರ ಹಿಂದೆ ಕೂತ ಹೊಸ ಹೆಂಡತಿಯನ್ನು ಹುಡುಕುತ್ತಿದ್ದೆ. ಒಂದೆರಡು ಸಲ ಯಾರದ್ದೋ ಗಾಡಿಯ ಕುತ್ತಿಗೆಗೆ ಉಗುರು ಹಾಕಿ ನೋಡಿ ಬೈಸಿಕೊಂಡಿದ್ದೇನೆ. ಸಿಗಲಿಲ್ಲ...

ಭಾವ ವಯಸ್ಸಾಗಿ, ಹಾಸಿಗೆಯಲ್ಲಿ, ನಿದ್ದೆಯಲ್ಲಿ ಸತ್ತ. ಅಂಥವರಿಗೆ ಅಂಥದ್ದೇ ಸಾವು. ಹೆಣದ ಸುತ್ತ ಹೆಂಗಸರೆಲ್ಲ ಅಳುತ್ತಿದ್ದರು. ನಾನು ಸುಮ್ಮನೆ ಕೂತಿದ್ದೆ. ಪಕ್ಕದವಳು ತಿವಿದಳು, “ಒಂದ್ ತೊಟ್ಟಾದ್ರೂ ಅಳೇ, ನೋಡೋರು ಏನಂತಾರೆ?” ಥಿನ್ನರ್ ಇದ್ದರೆ ಕೊಡಿ ಅಂದೆ. ಯಾರಿಗೂ ಅರ್ಥವಾಗಲಿಲ್ಲ. ಅವನ ಹೆಂಡತಿ ಮಾತ್ರ ಬಾಯಿಗೆ ಸೆರಗು ತುರುಕಿಕೊಂಡಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ನಾಲ್ಕು ಜನ ಸಮಾಧಾನ ಮಾಡಿದರು.

ಎದುರುಮನೆಯ ಗೇಟು ಒಣಗಿದೆ, ವಾಸನೆ ಹೋಗಿದೆ. ಮೊಮ್ಮಗಳು ಬಿಡುವವಳಲ್ಲ, ರಾಗಿ ಅಂಬಲಿ ಕುಡಿಯುವಾಗ ಮತ್ತೆ ಕೇಳಿದಳು, ಆವತ್ತು ಯಾರಿಗೆ ಅಳ್ತಿದ್ದೆ ಅಂತ.

ಕುಣಿಗಲ್‌ನ ಒಬ್ಬ ಹೆಂಗಸಿಗೆ ಅಂದೆ.

“ಯಾರಜ್ಜಿ ಅವಳು?”

“ಗೊತ್ತಿಲ್ಲ.”

“ಇದಾಳಾ?”

ಅದೂ ಗೊತ್ತಿಲ್ಲ.