ಬೆಳೆಯುವ ಅಳತೆಗೆ ಹೊಲಿದ ರವಿಕೆ

ನನ್ನ ಮಗಳ ಮಗಳು ಇಪ್ಪತ್ತಮೂರು ವರ್ಷ ಎಲ್ಲರ ಬಾಯಲ್ಲೂ ಹುಡುಗನಾಗಿದ್ದವಳು. ಹೆಣ್ಣಿನ ಹಾರ್ಮೋನ್ ಮಾತ್ರೆ ಶುರು ಮಾಡುತ್ತೇನೆ ಎಂದ ದಿನ ಅವಳಮ್ಮ, "ಸರಿಹೋದ್ಮೇಲೆ ಮನೆಗೆ ಬಾ" ಎಂದಳಂತೆ. ಕೆಟ್ಟಿದ್ದರಲ್ಲವೇ ಸರಿಹೋಗುವುದು. ಬ್ಯಾಗು ಹಿಡಿದು, ಸಿಟಿ ಬಸ್ಸು ಹತ್ತಿ ಚಿಕ್ಕಲಸಂದ್ರದಿಂದ ನೇರ ಶ್ರೀನಗರಕ್ಕೆ, ನನ್ನ ಮನೆಗೆ ಬಂದಳು. ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. "ಊಟ ಆಯ್ತಾ?" ಎಂದೆ. ಆಗಿರಲಿಲ್ಲ. ಬಡಿಸಿದೆ.

ನಾನು ನಲವತ್ತು ವರ್ಷದಿಂದ ರವಿಕೆ ಹೊಲಿಯುವವಳು. ಬಸುರಿ, ಬಾಣಂತಿ, ಮುಟ್ಟು ನಿಂತವರು, ಎಲ್ಲರ ಮೈ ಬದಲಾಗುವುದನ್ನೂ ಟೇಪು ಹಿಡಿದು ನೋಡಿದ್ದೇನೆ. ಇದೂ ಅಂಥದ್ದೇ ಇರಬೇಕು ಎಂದುಕೊಂಡು ಜಯನಗರದ ಡಾಕ್ಟರಮ್ಮನ ಹತ್ತಿರ ಅವಳ ಜೊತೆ ಹೋದೆ.

ಡಾಕ್ಟರಮ್ಮ ಮೊದಲು ರಕ್ತ ಪರೀಕ್ಷೆಗೆ ಬರೆದರು. ಮುಂದೆ ಮಕ್ಕಳು ಬೇಕೆನಿಸಿದರೆ ಅದರ ಯೋಚನೆ ಈಗಲೇ ಮಾಡಬೇಕು, ಆಮೇಲೆ ಆಗದೇ ಹೋಗಬಹುದು ಎಂದರು. ಅವಳು ತಲೆ ತಗ್ಗಿಸಿದಳು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಚರ್ಮ ಮೆತ್ತಗಾಗುತ್ತದೆ, ಎದೆ ನೋಯುತ್ತದೆ, ಪೂರ್ತಿ ಬೆಳೆಯಲು ಎರಡು ಮೂರು ವರ್ಷವೇ ಬೇಕು, ಗಡ್ಡ ತಾನಾಗಿ ಹೋಗುವುದಿಲ್ಲ, ಒಡೆದ ದನಿ ಹಿಂದಕ್ಕೆ ಬರುವುದಿಲ್ಲ ಎಂದರು. ಕಾಲು ಊದಿದರೆ, ನೋವು ಬಂದರೆ, ಎದೆ ಹಿಡಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ಓಡಿ ಬನ್ನಿ ಎಂದರು.

"ದನಿನೂ ಹೋಗಲ್ಲ, ಗಡ್ಡನೂ ಹೋಗಲ್ಲ, ಮತ್ತೆ ಯಾಕೆ ಈ ಮಾತ್ರೆ?" ಎಂದೆ.

"ಅಜ್ಜಿ, ಸುಮ್ನಿರು" ಎಂದಳು.

ಮೊದಲ ತಿಂಗಳು ಕಂಡದ್ದು ಮೂತ್ರಕ್ಕೆಂದು ಬಚ್ಚಲಿಗೆ ಓಡುವುದು ಮಾತ್ರ. ಕೊಟ್ಟ ಮಾತ್ರೆಗಳಲ್ಲಿ ಒಂದು ಹಾಗೆ ಮಾಡುತ್ತದಂತೆ. ಆಮೇಲೆ ಮುಖದ ಜಿಡ್ಡು ಕಡಿಮೆಯಾಯಿತು. ಧಾರಾವಾಹಿ ನೋಡುತ್ತ ಒಂದು ಸಂಜೆ ಗೊಳೋ ಎಂದು ಅತ್ತಳು.

"ಆ ಸೊಸೆಗೆ ಬುದ್ಧಿಯಿಲ್ಲ. ನಿಂಗೇನಾಯ್ತೇ?"

"ಗೊತ್ತಿಲ್ಲ ಅಜ್ಜಿ. ಅಳೋಕೆ ಚೆನ್ನಾಗಿದೆ."

ಮೂರನೇ ತಿಂಗಳು ಬಸ್ಸಿನಲ್ಲಿ ಯಾರದೋ ಬ್ಯಾಗು ಎದೆಗೆ ತಾಗಿ ಜೀವ ಹೋಯಿತು ಎನ್ನುತ್ತ ಬಂದಳು. ಮುಖದ ತುಂಬಾ ನಗು. ಒಳಗೆ ಗೋಲಿಯಂಥ ಗಂಟು ಕೈಗೆ ಸಿಗುತ್ತಿತ್ತಂತೆ. ನನಗೂ ಹನ್ನೆರಡು ವರ್ಷಕ್ಕೆ ಹಾಗೇ ಆಗಿತ್ತು, ನಾನು ನಕ್ಕಿರಲಿಲ್ಲ.

ಆಗ ಅವಳ ಆಫೀಸಿನ ಗೆಳತಿಯ ಮದುವೆ ಬಂತು. ಮೊದಲ ಸಲ ನಾಲ್ಕು ಜನರ ಮುಂದೆ ಸೀರೆ ಉಡಬೇಕೆಂದು ಅವಳ ಆಸೆ. ರವಿಕೆ ಹೊಲಿದೆ. ಬೆಳೆಯುವ ಹುಡುಗಿಯರಿಗೆ ನಾನು ಯಾವತ್ತೂ ಅಳತೆಗಿಂತ ದೊಡ್ಡದಾಗಿಯೇ ಹೊಲಿಯುವುದು. ತಾಯಂದಿರು ಕೇಳುವುದೂ ಹಾಗೆಯೇ. ಕೈಗೆ ಬಿದ್ದ ಅಭ್ಯಾಸ, ಇವಳದಕ್ಕೂ ಎದೆಯಲ್ಲಿ ಎರಡು ಇಂಚು ಜಾಸ್ತಿ ಬಿಟ್ಟೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಮುಂದೆಲ್ಲ ಜೋಲು.

"ಇನ್ನೂ ತಿಂಗ್ಳಿದ್ಯಲ್ಲ, ತುಂಬ್ಕೊಳ್ತೀಯ ಬಿಡು" ಎಂದೆ. ಅವಳು ಬಿಚ್ಚಿ ಮಡಚಿಟ್ಟಳು.

ಎರಡು ವಾರ ಕಳೆದ ಮೇಲೆ ಎಡಗಾಲಿನ ಮೀನಖಂಡ ನೋವೆಂದು ಕುಂಟುತ್ತ ಎದ್ದಳು. ನನಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಮಾತ್ರೆ ಡಬ್ಬಿ ತೆಗೆದೆ. ತಿಂಗಳಿಗೆಂದು ತಂದದ್ದು ಹದಿನೈದು ದಿನಕ್ಕೇ ಖಾಲಿ.

"ಎರಡೆರಡು ನುಂಗ್ತಿದ್ಯೇನೇ?"

"ಮದ್ವೆಗೆ ಇನ್ನ ಹದಿನೈದೇ ದಿನ ಅಜ್ಜಿ."

"ಯಾವ ಬುದ್ಧಿವಂತ ಹೇಳಿದ ನಿಂಗೆ?"

"ನೀನೇ ಅಲ್ವಾ, ತುಂಬ್ಕೊಳ್ತೀಯ ಅಂದಿದ್ದು. ತುಂಬ್ಲಿಲ್ಲ."

ಆಟೋ ಕರೆದೆ. ದಾರಿಯುದ್ದಕ್ಕೂ ನನ್ನ ಕೈ ಹಿಡಿದು, "ಡಾಕ್ಟರ್‌ಗೆ ಹೇಳ್ಬೇಡ ಅಜ್ಜಿ, ಮಾತ್ರೆನೇ ನಿಲ್ಲಿಸ್ಬಿಡ್ತಾರೆ. ಮತ್ತೆ ಹಳೇ ಮೈಗೆ ವಾಪಸ್ ಹೋಗಕ್ಕಾಗಲ್ಲ ನಂಗೆ" ಎಂದಳು. ಕಾಲಿನ ಹೆದರಿಕೆ ಅವಳಿಗೆ ಇರಲೇ ಇಲ್ಲ.

"ಬರ್ದಷ್ಟೇ ತಗೋತಿದೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಹೂಂ ಮೇಡಂ."

ನಾನು ಖಾಲಿ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಹಾಕಿದೆ. "ಸುಳ್ಳು. ಎರಡೆರಡು ನುಂಗಿದಾಳೆ. ದೊಡ್ಡ ರವಿಕೆ ಹೊಲ್ದು ಅವಸರ ಹತ್ತಿಸಿದ್ದು ನಾನು. ಬೈಯೋದಿದ್ರೆ ಇಬ್ಬರಿಗೂ ಬೈರಿ."

ಬೈದರು. "ಡಬಲ್ ತಗೊಂಡ್ರೆ ಎದೆ ಬೇಗ ಬೆಳಿಯಲ್ಲ. ರಕ್ತ ಹೆಪ್ಪುಗಟ್ಟಿದ್ರೆ ಪ್ರಾಣಕ್ಕೇ ಬರತ್ತೆ. ಸ್ಕ್ಯಾನ್ ಆಗೋವರ್ಗೂ ಒಂದು ಮಾತ್ರೆನೂ ಮುಟ್ಬೇಡಿ." ಆಮೇಲೆ ಅವಳ ಕಡೆ ತಿರುಗಿ, "ನಂಗೆ ನಿಜ ಹೇಳಿದ್ರೆ ಪೂರ್ತಿ ನಿಲ್ಲಿಸಲ್ಲಮ್ಮ. ಮುಚ್ಚಿಟ್ರೆ ನಿಲ್ಲಿಸ್ಬೇಕಾಗತ್ತೆ" ಎಂದರು.

ಅದೇ ದಿನ ಸ್ಕ್ಯಾನ್ ಆಯಿತು. ರಕ್ತ ಕಟ್ಟಿರಲಿಲ್ಲ, ಸ್ನಾಯು ಹಿಡಿದಿತ್ತು, ಅಷ್ಟೇ. ರಕ್ತದ ರಿಪೋರ್ಟು ಬಂದ ಮೇಲೆ ಮೊದಲಿನಷ್ಟೇ ಮಾತ್ರೆ ಮತ್ತೆ ಶುರುಮಾಡಿಸಿದರು. ಅಲ್ಲಿಯವರೆಗೂ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನೂ ಮಾತಾಡಿಸಲು ಹೋಗಲಿಲ್ಲ.

ಮಾತ್ರೆ ಮತ್ತೆ ಶುರುವಾದ ದಿನ ರವಿಕೆಯ ಹೊಲಿಗೆ ಬಿಚ್ಚಿ, ಅವಳನ್ನು ನಿಲ್ಲಿಸಿ, ಆವತ್ತು ಇದ್ದ ಮೈಯ ಅಳತೆ ತೆಗೆದುಕೊಂಡು ಅಷ್ಟಕ್ಕೇ ಹೊಲಿದೆ. ಮುಂದೆ ಬಿಚ್ಚಿ ದೊಡ್ಡದು ಮಾಡಲೆಂದು ಒಳಗೆ ಬಟ್ಟೆ ಬಿಡಲಿಲ್ಲ.

"ಆರು ತಿಂಗ್ಳಲ್ಲಿ ಇದು ಹಿಡಿಸ್ದಿದ್ರೆ?" ಎಂದಳು.

"ಇನ್ನೊಂದು ಹೊಲಿತೀನಿ."

"ನೀನು ಸತ್ತೋಗಿದ್ರೆ?"

"ರೆಡಿಮೇಡ್ ತಗೋ."

ಮದುವೆಗೆ ಹೋದಳು. ಎದೆಯೇನೂ ತುಂಬಿರಲಿಲ್ಲ. ರವಿಕೆ ಮೈಗೆ ಕೂತಿತ್ತು.