ಝಿವ್ಕಾ ಅಕ್ಕನ ಯಂತ್ರ ಕರೆದಾಗ

ಝಿವ್ಕಾ ಅಕ್ಕನನ್ನು ನಾನು ಮೊದಲು ಕಂಡಾಗ ಅವರು ನಿದ್ದೆಯಲ್ಲಿದ್ದರು. ಲೋವೆಚ್ ಊರಿನ ಭೂಮಾಪನ ಕಚೇರಿಗೆ ನಾನು ಸೇರಿದ ಬೆಳಿಗ್ಗೆ ಅದು. ಹಳ್ಳಿಯಿಂದ ಬೂಟಿಗೆ ಮೆತ್ತಿ ಬಂದ ಕೆಸರನ್ನು ಬಾಗಿಲಲ್ಲೇ ಉಜ್ಜಿ ಒಳಗೆ ಹೋದೆ. ಕಿಟಕಿ ಪಕ್ಕದ ಮೇಜಿನಲ್ಲಿ ಬೂದು ಬಣ್ಣದ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕೆನ್ನೆಗೆ ಕೈಯಾನಿಸಿ ಕಣ್ಣು ಮುಚ್ಚಿದ್ದರು. ಮುಂದೆ ಅಂಗೈಯಗಲದ ಕ್ಯಾಲ್ಕುಲೇಟರ್. ನಾನು ಮಾತಾಡಲು ಬಾಯಿ ತೆರೆದಾಗ ಪಕ್ಕದ ಮೇಜಿನ ಮಿಂಚೊ ತುಟಿಗೆ ಬೆರಳಿಟ್ಟ.

"ತಾಳಪ್ಪ. ಯಂತ್ರ ಕರೆದ್ರೆ ಏಳ್ತಾಳೆ."

ಆ ಕ್ಯಾಲ್ಕುಲೇಟರ್ ಯಂತ್ರ ಮೂರು ಸಲ ದಪ್ಪ ದನಿಯಲ್ಲಿ ಗುಂಯ್‌ಗುಟ್ಟಿತು. ಅಕ್ಕ ಕಣ್ಣು ತೆರೆದು ಉತ್ತರ ಬರೆದುಕೊಂಡರು, ಮುಂದಿನ ಅಳತೆಗಳನ್ನು ಒತ್ತಿದರು, ಮತ್ತೆ ಕಣ್ಣು ಮುಚ್ಚಿದರು.

ಆಗ ಒಂದು ತೋಟದ ಗಡಿ ಲೆಕ್ಕ ಹಾಕಲು ಯಂತ್ರಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಎಲ್ಲರ ಬಳಿಯೂ ಒಂದೇ ಬಗೆಯ ಯಂತ್ರ. ಯಾರ ಲೆಕ್ಕ ಮುಗಿಯಿತೆಂದು ತಿಳಿಯಲು ಒಬ್ಬೊಬ್ಬರೂ ಯಂತ್ರಕ್ಕೆ ತುಂಬಿದ ಲೆಕ್ಕದ ಪ್ರೋಗ್ರಾಮಿನ ಕೊನೆಗೆ ತಮ್ಮದೇ ಸದ್ದು ಬರೆದುಕೊಳ್ಳುತ್ತಿದ್ದರು. ಅದನ್ನು ನನಗೆ ಕಲಿಸಿದವರು ಅಕ್ಕನೇ. ಸದ್ದಿಗೆ ಸೊನ್ನೆ ಅಂಕಿ ಕೊಟ್ಟರೆ ತೀರ ದಪ್ಪ ದನಿ, ಒಂಬತ್ತು ಕೊಟ್ಟರೆ ತೀರ ಸಣ್ಣದು. ಮಿಂಚೊ ಮದುವೆ ಕುಣಿತದ ತಾಳ ಹಾಕಿಕೊಂಡಿದ್ದ. ಅಕ್ಕನದು ಬರೀ ಸೊನ್ನೆಗಳು.

"ಮನೇಲಿ ಅತ್ತೆ ಕೀಚಲು ದನೀಲಿ ಕರೀತಾರೆ. ಇದೂ ಹಂಗೇ ಇದ್ರೆ ಎದ್ದು ಓಡಿಬಿಡ್ತೀನಿ," ಅಂದರು.

ಅತ್ತೆಗೆ ಲಕ್ವ ಹೊಡೆದಿತ್ತು. ಗಂಡ ಲಾರಿ ಚಾಲಕ, ಮನೆಯಲ್ಲಿರುತ್ತಿದ್ದುದೇ ಕಡಿಮೆ. ಇಡೀ ರಾತ್ರಿ ಮುದುಕಿಯ ಮಗ್ಗುಲು ಬದಲಿಸಿ ಬಂದ ಅಕ್ಕನಿಗೆ ಯಂತ್ರ ಲೆಕ್ಕ ಹಾಕುವಷ್ಟು ಹೊತ್ತೇ ನಿದ್ದೆ.

ಆ ವಸಂತದಲ್ಲಿ ಮಿಂಚೊ ತಮಾಷೆಗೆಂದು ಅಕ್ಕನ ಸದ್ದನ್ನೇ ತನ್ನ ಯಂತ್ರಕ್ಕೂ ಹಾಕಿದ. ಅದು ಕೂಗಿದಾಗ ಅಕ್ಕ ನಿದ್ದೆಗಣ್ಣಲ್ಲಿ ತಮ್ಮ ಯಂತ್ರದ ಗುಂಡಿ ಒತ್ತಿದರು. ಓಡುತ್ತಿದ್ದ ಲೆಕ್ಕ ನಡುವೆಯೇ ನಿಂತಿತು. ಪರದೆಯಲ್ಲಿ ಉಳಿದ ಅರೆಬೆಂದ ಅಂಕಿಯನ್ನೇ ಉತ್ತರವೆಂದು ಬರೆದರು. ಆ ಅಂಕಿ ನಂಬಿ ದ್ರಾಕ್ಷಿ ತೋಟಕ್ಕೆ ಗಡಿಕಲ್ಲು ನೆಡಲು ಹೋದವರು ಹೊಳೆಯ ನಡುವೆ ನಿಂತಿದ್ದರು.

ಮುಖ್ಯ ಇಂಜಿನಿಯರ್ ಪೆಂಚೆವ್ ಬಂದು, ಇದು ಕಚೇರಿ, ಮಲಗುವ ಕೋಣೆಯಲ್ಲ, ಎಲ್ಲರೂ ಸದ್ದು ಅಳಿಸಿ ಎಂದರು.

"ಅಳಿಸ್ತೀನಿ, ಕಾಮ್ರೇಡ್ ಇಂಜಿನಿಯರ್," ಅಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಜೊತೆಗೆ ಹಾಜರಿ ಪುಸ್ತಕದಿಂದ ನನ್ನ ಹೆಸರೂ ಅಳಿಸಿಬಿಡಿ. ಅಷ್ಟು ನಿದ್ದೇನೂ ಇಲ್ದೆ ನನ್ನ ಕೈಲಿ ಆಗಲ್ಲ."

ಮಿಂಚೊ ಎದ್ದು ನಿಂತ. ಮುಖ ಕೆಂಪಾಗಿತ್ತು. "ಅವಳ ಸದ್ದು ಇರ್ಲಿ ಬಿಡಿ, ಕಾಮ್ರೇಡ್. ಆ ಸದ್ದನ್ನ ನನ್ನ ಯಂತ್ರಕ್ಕೆ ಹಾಕಿದ್ದು ನಾನೇ."

ಪೆಂಚೆವ್ ಅವನನ್ನು ನೋಡಿದರು, ಅಕ್ಕನ ಕಣ್ಣ ಕೆಳಗಿನ ಕಪ್ಪನ್ನೂ ನೋಡಿದರು. ಅಕ್ಕನ ಸದ್ದು ಉಳಿಯಲಿ, ಉಳಿದವರದು ಹೋಗಲಿ ಎಂದು ಹೇಳಿ ಹೊರಟುಹೋದರು. ಅಂದಿನಿಂದ ನಾವೆಲ್ಲ ಪರದೆ ಕಾಯುತ್ತ ಕೂತೆವು. ಮಿಂಚೊ ಮಾತ್ರ ತನ್ನ ಪರದೆ ಮರೆತು ಆಗಾಗ ಬೈಸಿಕೊಳ್ಳುತ್ತಿದ್ದ. ಅಕ್ಕ ಮಲಗಿದ್ದಾಗ ಯಾರೂ ಕುರ್ಚಿ ಎಳೆಯುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು, ಕಚೇರಿಯೂ ಮುಚ್ಚಿತು. ಝಿವ್ಕಾ ಅಕ್ಕ ಈಗ ಲೋವೆಚ್ ಬಸ್ ನಿಲ್ದಾಣದಲ್ಲಿ ಬೆಳಗಿನ ಪಾಳಿಯಲ್ಲಿ ಟಿಕೆಟ್ ಕೊಡುತ್ತಾರೆ. ಮಧ್ಯಾಹ್ನ ಮನೆಗೆ ಹೋಗಿ ಮಲಗುತ್ತಾರೆ.